ಕಾಕ್ರೇನ್ ಲೈಬ್ರರಿ: ನಮ್ಮ ಮನೆಯ ಹಲ್ಲುಗಳಿಗಾಗಿ ಎರಡು ವರ್ಷ ಬಳಸಿದ ಮೇಲೆ

ಮಗಳು ತುಮಕೂರಿನಲ್ಲಿ ಹಾಸ್ಟೆಲಲ್ಲಿದ್ದು ಓದುತ್ತಾಳೆ. ಎರಡು ವರ್ಷದ ಹಿಂದೆ ಒಂದು ಶನಿವಾರ ವಾಟ್ಸಾಪಿನಲ್ಲಿ ಎರಡು ಫೋಟೋ ಕಳಿಸಿದಳು. ಒಂದು, ಇಡೀ ಬಾಯಿಯ ಎಕ್ಸ್‌ರೇ. ಇನ್ನೊಂದು, ಕ್ಲಿನಿಕ್ಕಿನವರು ಬರೆದುಕೊಟ್ಟ ಚೀಟಿ. ನಾಲ್ಕೂ ಬುದ್ಧಿಹಲ್ಲು ತೆಗೆಯಬೇಕು, ಒಟ್ಟು 26 ಸಾವಿರ.

ತಕ್ಷಣ ಫೋನ್ ಮಾಡಿದೆ. ನೋವಿದೆಯಾ? ಇಲ್ಲ. ಊತ? ಇಲ್ಲ. ಮತ್ಯಾಕೆ?

"ಮುಂದೆ ತೊಂದರೆ ಕೊಡತ್ತಂತೆ ಅಮ್ಮ. ಮುಂದಿನ ಹಲ್ಲುಗಳನ್ನ ಒತ್ತಿ ವಕ್ರ ಮಾಡತ್ತಂತೆ. ರಜೆಯಲ್ಲಿ ತೆಗೆಸಿಬಿಡಿ ಅಂದ್ರು."

ನಾನು ಪಾವಗಡದ ಕಡೆ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತೇನೆ. 26 ಸಾವಿರ ನಮಗೆ ಸಣ್ಣ ದುಡ್ಡಲ್ಲ. ಆದರೆ ದುಡ್ಡಿಗಿಂತ ಜಾಸ್ತಿ ಹೆದರಿಸಿದ್ದು ಆ ಎಕ್ಸ್‌ರೇ. ಕೆಳಗಿನ ಎರಡು ಹಲ್ಲು ದವಡೆಯೊಳಗೆ ಮಲಗಿದ ಹಾಗೆ ಅಡ್ಡಡ್ಡ ಇದ್ದವು. ಅವುಗಳ ಕೆಳಗೇ ತುಟಿಗೆ ಹೋಗುವ ನರ ಇದೆ. ತೆಗೆಯುವಾಗ ಅದಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿದ ಹಾಗೆ ಆಗಬಹುದು. ತೆಗೆಸದಿದ್ದರೆ ಏನೋ ಆಗುತ್ತದೆ, ತೆಗೆಸಿದರೆ ಇನ್ನೇನೋ ಆಗಬಹುದು. ಯಾರನ್ನು ಕೇಳುವುದು?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿಡಿಎಸ್ ಮುಗಿಸಿ ಎಂಡಿಎಸ್ ಓದುತ್ತಿದ್ದಾಳೆ. ಅವಳಿಗೆ ಫೋಟೋ ಕಳಿಸಿದೆ. "ಮಿಸ್, ಫೋಟೋ ನೋಡಿ ನಾನು ಹೇಳೋದು ಸರಿಯಲ್ಲ. ಕಾಕ್ರೇನ್ ಲೈಬ್ರರಿ ಅಂತ ಇದೆ, ಅದರಲ್ಲಿ ಬುದ್ಧಿಹಲ್ಲಿನ ಬಗ್ಗೆ ಓದಿ. ನೀವು ಲೆಕ್ಕದ ಮಿಸ್, ನಿಮಗೆ ಅರ್ಥ ಆಗತ್ತೆ. ಓದಿಕೊಂಡು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ" ಅಂದಳು.

ಅಂದು ರಾತ್ರಿ ಮೊದಲ ಸಲ ಆ ವೆಬ್‌ಸೈಟ್ ತೆರೆದೆ. ಆಮೇಲೆ ಈ ಎರಡು ವರ್ಷದಲ್ಲಿ ಮನೆಯಲ್ಲಿ ಯಾರ ಹಲ್ಲಿನ ವಿಷಯ ಬಂದರೂ ತೆರೆದಿದ್ದೇನೆ. ಊರಿನ ಹೋಟೆಲ್ಲು, ಮಿಕ್ಸಿ, ಫ್ರಿಡ್ಜಿನ ಬಗ್ಗೆ ಜನ ಅನುಭವ ಬರೆಯುತ್ತಾರೆ, ಇದರ ಬಗ್ಗೆಯೂ ಒಬ್ಬರು ಬರೆಯಬೇಕು ಅನಿಸಿತು.

ಕಾಕ್ರೇನ್ ಅಂದರೆ ಏನು ಅಂತ ಮೊದಲು ಹೇಳುತ್ತೇನೆ. ಆರ್ಚಿ ಕಾಕ್ರೇನ್ ಅಂತ ಸ್ಕಾಟ್ಲೆಂಡಿನ ಡಾಕ್ಟರು ಇದ್ದರು. ಯಾವ ಚಿಕಿತ್ಸೆ ನಿಜವಾಗಿ ಕೆಲಸ ಮಾಡುತ್ತದೆ ಅನ್ನುವುದನ್ನು ಸರಿಯಾಗಿ ಪರೀಕ್ಷೆ ಮಾಡಿ ನೋಡಬೇಕು, ಬಂದ ಫಲಿತಾಂಶಗಳನ್ನೆಲ್ಲ ಒಂದು ಕಡೆ ಕೂಡಿಸಿ ಇಡಬೇಕು ಅಂತ ಹಠ ಹಿಡಿದವರು ಅವರು. 1988ರಲ್ಲಿ ತೀರಿಕೊಂಡರು. 1993ರಲ್ಲಿ ಇಂಗ್ಲೆಂಡಿನಲ್ಲಿ ಅವರ ಹೆಸರಲ್ಲಿ ಈ ಸಂಸ್ಥೆ ಶುರುವಾಯಿತು. ಒಂದು ಪ್ರಶ್ನೆ ತೆಗೆದುಕೊಳ್ಳುತ್ತಾರೆ. ಅದರ ಬಗ್ಗೆ ಜಗತ್ತಿನಲ್ಲಿ ಎಲ್ಲೆಲ್ಲಿ ಅಧ್ಯಯನ ಆಗಿದೆಯೋ ಎಲ್ಲವನ್ನೂ ಹುಡುಕುತ್ತಾರೆ, ಜೊಳ್ಳು ತೂರಿ ಕಾಳು ಇಟ್ಟುಕೊಳ್ಳುತ್ತಾರೆ, ಉಳಿದದ್ದನ್ನು ಕೂಡಿಸಿ ಉತ್ತರ ಬರೆದು ಈ ಲೈಬ್ರರಿಯಲ್ಲಿ ಹಾಕುತ್ತಾರೆ. ಹಲ್ಲು, ಬಾಯಿಯ ವಿಷಯಕ್ಕೆ ಅವರಲ್ಲಿ ಬೇರೆಯೇ ಒಂದು ತಂಡ ಇತ್ತು, ಮ್ಯಾಂಚೆಸ್ಟರಿನಿಂದ ಕೆಲಸ ಮಾಡುತ್ತಿತ್ತು.

ಅವರ ಲಾಂಛನ ನೋಡಿ ನನಗೆ ತುಂಬ ಖುಷಿಯಾಯಿತು. ನಡುವೆ ಒಂದು ನೇರ ಗೆರೆ, ಅದರ ಆಚೀಚೆ ಸಣ್ಣ ಸಣ್ಣ ಅಡ್ಡ ಗೆರೆಗಳು, ಕೆಳಗೊಂದು ವಜ್ರದ ಆಕಾರ. ಅದು ಸುಮ್ನೆ ಬರೆದ ಚಿತ್ರ ಅಲ್ಲ, ನಿಜವಾದ ಲೆಕ್ಕ. ದಿನ ತುಂಬುವ ಮೊದಲೇ ಹೆರಿಗೆ ಆಗುವ ತಾಯಂದಿರಿಗೆ ಒಂದು ಅಗ್ಗದ ಇಂಜೆಕ್ಷನ್ ಕೊಟ್ಟರೆ ಮಗು ಉಳಿಯುತ್ತದಾ ಅನ್ನುವ ಪ್ರಶ್ನೆಯ ಅಧ್ಯಯನಗಳು ಆ ಗೆರೆಗಳು. ಗೆರೆ ಉದ್ದ ಇದ್ದಷ್ಟೂ ಆ ಅಧ್ಯಯನದ ಉತ್ತರದಲ್ಲಿ ಅನುಮಾನ ಜಾಸ್ತಿ. ಒಂದೊಂದನ್ನೇ ನೋಡಿದರೆ ಹೆಚ್ಚಿನವು ಖಚಿತವಾಗಿ ಏನೂ ಹೇಳುವುದಿಲ್ಲ. ಎಲ್ಲವನ್ನೂ ಕೂಡಿಸಿದರೆ ಆ ವಜ್ರ ಬರುತ್ತದೆ, ಅದು ನಡು ಗೆರೆಯಿಂದ ಪೂರ್ತಿ ಎಡಕ್ಕೆ, ಇಂಜೆಕ್ಷನ್ ಕೆಲಸ ಮಾಡುತ್ತದೆ ಅನ್ನುವ ಕಡೆಗೆ ಇದೆ. ಅಂದರೆ ಮಕ್ಕಳು ಉಳಿಯುತ್ತಿದ್ದರು. ಕೂಡಿಸಿ ನೋಡುವುದು ತಡವಾಗಿದ್ದರಿಂದ ಎಷ್ಟೋ ತಾಯಂದಿರಿಗೆ ಆ ಇಂಜೆಕ್ಷನ್ ಸಿಗಲೇ ಇಲ್ಲ. ಹತ್ತನೇ ಕ್ಲಾಸಿನ ಮಕ್ಕಳಿಗೆ ಸಂಖ್ಯಾಶಾಸ್ತ್ರ ಪಾಠ ಮಾಡುವಾಗ ಈಗ ಈ ಚಿತ್ರವನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ.

ನಮ್ಮಂಥವರಿಗೆ ಬೇಕಾದ್ದು ಅಲ್ಲಿ ಪ್ರತಿ ವಿಷಯದ ಜೊತೆ ಇರುವ ಪ್ಲೇನ್ ಲ್ಯಾಂಗ್ವೇಜ್ ಸಮ್ಮರಿ, ಅಂದರೆ ಸರಳ ಮಾತಿನ ಸಾರಾಂಶ. ಒಂದೆರಡು ಪುಟ. ದುಡ್ಡು ಕೊಡಬೇಕಿಲ್ಲ. ಏನು ತಿಳಿಯಬೇಕಿತ್ತು, ಎಷ್ಟು ಅಧ್ಯಯನ ಸಿಕ್ಕವು, ಎಷ್ಟು ಜನ ಇದ್ದರು, ಏನು ಗೊತ್ತಾಯಿತು, ಅದನ್ನು ಎಷ್ಟು ನಂಬಬಹುದು. ಈ ಕೊನೆಯದೇ ನನಗೆ ಎಲ್ಲಕ್ಕಿಂತ ಇಷ್ಟ. ಪ್ರತಿ ಉತ್ತರಕ್ಕೂ ಭರವಸೆ ಎಷ್ಟು ಅಂತ ಹಾಕಿರುತ್ತಾರೆ: ಹೆಚ್ಚು, ಮಧ್ಯಮ, ಕಡಿಮೆ, ತೀರಾ ಕಡಿಮೆ. ನಾನು ಇಂಗ್ಲಿಷಿನಲ್ಲಿ ಓದಿ, ಒಂದು 100 ಪುಟದ ನೋಟ್‌ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಮನೆಯವರಿಗೆಲ್ಲ ಓದಿ ಹೇಳಬೇಕಲ್ಲ.

ಬುದ್ಧಿಹಲ್ಲಿನ ವಿಷಯಕ್ಕೆ ಬರುತ್ತೇನೆ. ನೋವಿಲ್ಲದ, ರೋಗವಿಲ್ಲದ, ಒಳಗೇ ಸಿಕ್ಕಿಕೊಂಡ ಬುದ್ಧಿಹಲ್ಲನ್ನು ತೆಗೆಯಬೇಕೋ ಬಿಡಬೇಕೋ ಅನ್ನುವುದು ಪ್ರಶ್ನೆ. 2020ರ ಸಾರಾಂಶ ಓದಿದೆ. ಜಗತ್ತಿನಲ್ಲಿ ಇಷ್ಟು ಕೋಟಿ ಜನ ಬುದ್ಧಿಹಲ್ಲು ತೆಗೆಸುತ್ತಾರೆ, ಕಾಕ್ರೇನಿನವರಿಗೆ ಸಿಕ್ಕಿದ್ದು ಬರೀ ಎರಡು ಅಧ್ಯಯನ! ಒಂದು ಬ್ರಿಟನ್ನಿನದು, 77 ಹದಿಹರೆಯದವರದು. ಬುದ್ಧಿಹಲ್ಲು ತೆಗೆದರೂ ಬಿಟ್ಟರೂ ಮುಂದಿನ ಹಲ್ಲು ಒತ್ತಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ ಅದರಲ್ಲಿದೆ. ಮಗಳಿಗೆ ಹೇಳಿದ್ದು ಇದೇ ಭಯ ಅಲ್ವಾ? ಇನ್ನೊಂದು ಅಮೆರಿಕದ್ದು, 416 ಜನ. ಹಾಗೇ ಬಿಟ್ಟರೆ ಪಕ್ಕದ ದವಡೆ ಹಲ್ಲಿನ ವಸಡಿಗೆ ವರ್ಷಗಳ ಮೇಲೆ ರೋಗ ಬರುವ ಸಂಭವ ಇರಬಹುದು ಅಂತ ಅದು ಹೇಳುತ್ತದೆ, ಭರವಸೆ ತೀರಾ ಕಡಿಮೆ. ಆ 416 ಜನರೂ ಗಂಡಸರು, 24ರಿಂದ 84 ವರ್ಷದವರು. ನನ್ನ ಮಗಳಿಗೆ ಆಗ 19.

ಹಾಗಾಗಿ ಕಾಕ್ರೇನ್ ಹೇಳಿದ್ದು "ತೆಗೆಸಬೇಡಿ" ಅಂತ ಅಲ್ಲ. ತೆಗೆಯಬೇಕು ಅನ್ನಲಿಕ್ಕೂ ಬಿಡಬೇಕು ಅನ್ನಲಿಕ್ಕೂ ಸಾಕಷ್ಟು ಪುರಾವೆ ಇಲ್ಲ, ಬಿಟ್ಟರೆ ಆಗಾಗ ತೋರಿಸುತ್ತಿರಿ, ರೋಗಿಗೆ ಏನು ಬೇಕು ಅನ್ನುವುದನ್ನೂ ಕೇಳಿ ತೀರ್ಮಾನ ಮಾಡಿ ಅಂತ. ಬ್ರಿಟನ್ ಸರ್ಕಾರದ ನೈಸ್ ಸಂಸ್ಥೆಯಂತೂ 2000ನೇ ಇಸವಿಯಲ್ಲೇ ರೋಗವಿಲ್ಲದ ಬುದ್ಧಿಹಲ್ಲು ತೆಗೆಯುವುದು ನಿಲ್ಲಿಸಿ ಅಂದಿದೆ. ಇಷ್ಟು ಬರೆದುಕೊಂಡು ಮಗಳ ಜೊತೆ ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಎಕ್ಸ್‌ರೇ ನೋಡಿ, ಪಕ್ಕದ ಹಲ್ಲಿನ ವಸಡು ನೋಡಿ, "ಈಗ ಆತುರ ಇಲ್ಲ, ವರ್ಷಕ್ಕೊಮ್ಮೆ ತೋರಿಸಿ, ಊತ ಬಂದರೆ ಅದೇ ವಾರ ಬನ್ನಿ" ಅಂದರು. ಎರಡು ವರ್ಷ ಆಯಿತು. ಹಲ್ಲು ಹಾಗೇ ಇವೆ. ನಾಳೆ ತೊಂದರೆ ಕೊಡಬಹುದು, ಕೊಟ್ಟರೆ ತೆಗೆಸುತ್ತೇವೆ. ಈಗ ತೀರ್ಮಾನ ನಮ್ಮದು, ಹೆದರಿಕೆಯದ್ದಲ್ಲ.

ಎರಡನೇ ಸಲ ಬಳಸಿದಾಗ ನಾನೇ ತಪ್ಪು ಮಾಡಿದೆ. ಅದನ್ನು ಪೂರ್ತಿ ಹೇಳಬೇಕು, ಇದನ್ನು ಹೊಸದಾಗಿ ಓದುವವರೆಲ್ಲ ಇದೇ ತಪ್ಪು ಮಾಡುತ್ತಾರೆ ಅನಿಸುತ್ತದೆ.

ನಮ್ಮೆಜಮಾನರಿಗೆ 6 ತಿಂಗಳಿಗೊಮ್ಮೆ ಹಲ್ಲು ಕ್ಲೀನ್ ಮಾಡಿಸಿ ಅಂತ ನಮ್ಮೂರಿನ ಡಾಕ್ಟರು ಹೇಳಿದ್ದರು. ಬುದ್ಧಿಹಲ್ಲಿನ ಅನುಭವ ಇತ್ತಲ್ಲ, ಇದನ್ನೂ ನೋಡೋಣ ಅಂತ ಹುಡುಕಿದೆ. ಸಿಕ್ಕಿತು. 2018ರದು, ಎರಡು ಅಧ್ಯಯನ, 1711 ಜನ. 6 ತಿಂಗಳಿಗೊಮ್ಮೆ ಕ್ಲೀನ್ ಮಾಡಿಸಿದವರು, ವರ್ಷಕ್ಕೊಮ್ಮೆ ಮಾಡಿಸಿದವರು, ಮಾಡಿಸದೇ ಇದ್ದವರು, ಇವರ ವಸಡಿನಲ್ಲಿ ಎರಡು ಮೂರು ವರ್ಷ ಆದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಜೊತೆಗೆ ಇನ್ನೊಂದೂ ಓದಿದೆ: ಬ್ರಿಟನ್ನಿನ 51 ಕ್ಲಿನಿಕ್ಕುಗಳಲ್ಲಿ 2372 ಜನರನ್ನು 4 ವರ್ಷ ನೋಡಿದ್ದಾರೆ. ಎಲ್ಲರೂ 6 ತಿಂಗಳಿಗೊಮ್ಮೆ ಬರುವುದಕ್ಕೂ, ಅವರವರ ಬಾಯಿ ನೋಡಿ ಎಷ್ಟು ದಿನಕ್ಕೊಮ್ಮೆ ಬರಬೇಕು ಅಂತ ಹೇಳುವುದಕ್ಕೂ ವಸಡಿನ ಆರೋಗ್ಯದಲ್ಲಿ ಅಂತರ ಕಾಣಲಿಲ್ಲ.

ಎರಡನ್ನೂ ಪ್ರಿಂಟ್ ತೆಗೆಸಿ, ಪೆನ್ನಿನಲ್ಲಿ ಗೆರೆ ಎಳೆದು, ಡಾಕ್ಟರ ಮೇಜಿನ ಮೇಲೆ ಇಟ್ಟೆ. ಆಕೆ ಸಿಟ್ಟಾಗಲಿಲ್ಲ. ಕನ್ನಡಕ ಹಾಕಿಕೊಂಡು ಓದಿದರು. ಓದಿ, ನಾನು ಗೆರೆ ಎಳೆಯದೇ ಬಿಟ್ಟಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟರು. ವಸಡಿನ ರೋಗ ಜೋರಾಗಿ ಇರುವವರನ್ನು ಈ ಅಧ್ಯಯನದಲ್ಲಿ ಸೇರಿಸಿಕೊಂಡಿಲ್ಲ ಅಂತ ಆ ಸಾಲು.

"ಬನ್ನಿ ಮೇಡಂ, ನಿಮ್ಮೆಜಮಾನ್ರು ಈ 1711 ಜನರ ತರಹ ಇದ್ದಾರಾ ನೋಡೋಣ" ಅಂದರು.

ಇವರನ್ನು ಕುರ್ಚಿಯಲ್ಲಿ ಮಲಗಿಸಿ, ನನ್ನನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡರು. ಕೈಯಲ್ಲಿ ಒಂದು ಸಣ್ಣ ಕಡ್ಡಿ. ತುದಿ ಮೊಂಡು, ಮೇಲೆ ಕಪ್ಪು ಗುರುತುಗಳು, ನಮ್ಮ ಸ್ಕೇಲಿನ ಮಿಲಿಮೀಟರ್ ಗುರುತಿನ ಹಾಗೆ. ಅದನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸಿ, ಎಷ್ಟು ಒಳಗೆ ಹೋಗುತ್ತದೆ ಅಂತ ನೋಡಿ ಹೇಳುತ್ತಿದ್ದರು. ನರ್ಸ್ ಬರೆದುಕೊಳ್ಳುತ್ತಿದ್ದಳು. ಎರಡು, ಮೂರು, ಮೂರು. ಮೂರು, ಎರಡು, ಮೂರು. ಮುಂದಿನ ಹಲ್ಲುಗಳೆಲ್ಲ ಹೀಗೇ. 3 ಮಿಲಿಮೀಟರ್ ತನಕ ಪರವಾಗಿಲ್ಲ ಅಂದರು. ದವಡೆ ಕಡೆ ಹೋದಂತೆ, ನಾಲ್ಕು, ಐದು. ಕೆಳಗಿನ ಬಲಗಡೆ ಕೊನೆಯ ಹಲ್ಲಿನ ಹಿಂದೆ ಕಡ್ಡಿ ಇಳಿಯಿತು, ಇಳಿಯಿತು, ಕಪ್ಪು ಗುರುತು ಕಾಣದ ಹಾಗೆ ಮುಳುಗಿತು. "ಏಳು." ಕಡ್ಡಿ ಹೊರಗೆ ತೆಗೆದ ಜಾಗದಲ್ಲಿ ಒಂದು ಹನಿ ರಕ್ತ ನಿಧಾನವಾಗಿ ಎದ್ದು ನಿಂತಿತು. ಇವರಿಗೆ ನೋವೂ ಆಗಿರಲಿಲ್ಲ. ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ.

ಇವರಿಗೆ ಶುಗರ್ ಬೇರೆ ಇದೆ, 6 ವರ್ಷದಿಂದ. ಕಡಲೆಕಾಯಿ ಮಂಡಿಯಲ್ಲಿ ಕೂತರೆ ಎಲೆಅಡಿಕೆ ಕೈ ಬಿಡುವುದಿಲ್ಲ. ಡಾಕ್ಟರು ಅವತ್ತು ನನಗೆ ಇನ್ನೊಂದು ಸಾರಾಂಶ ಓದಿ ಅಂದರು, ಅದೂ ಕಾಕ್ರೇನಿನದೇ, 2022ರದು. ಶುಗರ್ ಇರುವವರಿಗೆ ವಸಡಿನ ರೋಗಕ್ಕೆ ಚಿಕಿತ್ಸೆ ಮಾಡಿದರೆ ಮೂರು ತಿಂಗಳ ಸರಾಸರಿ ಶುಗರ್ (ರಿಪೋರ್ಟಿನಲ್ಲಿ ಎಚ್‌ಬಿಎ1ಸಿ ಅಂತ ಇರುತ್ತದೆ) ಇಳಿಯುತ್ತದಾ ಅನ್ನುವ ಪ್ರಶ್ನೆ. 35 ಅಧ್ಯಯನ. ಮೂರು ನಾಲ್ಕು ತಿಂಗಳಲ್ಲಿ ಸರಾಸರಿ 0.43 ಇಳಿದಿದೆ, ಅಂದರೆ 8 ಇದ್ದದ್ದು 7.57ಕ್ಕೆ ಬಂದ ಹಾಗೆ. ಭರವಸೆ ಮಧ್ಯಮ. ಸಣ್ಣ ಸಂಖ್ಯೆ ಅನಿಸಬಹುದು. ಶುಗರ್ ಮಾತ್ರೆ ನುಂಗುವವರ ಮನೆಯಲ್ಲಿ ಇರುವವರಿಗೆ ಅದು ಸಣ್ಣದಲ್ಲ ಅಂತ ಗೊತ್ತು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ವಸಡಿನ ಕೆಳಗೆ ಕೂತ ಗಟ್ಟಿ ಪಾಚಿಯನ್ನು ಎರಡು ಸಲಕ್ಕೆ ತೆಗೆದರು. ನಾಲ್ಕು ತಿಂಗಳ ಮೇಲೆ ಅದೇ ಕಡ್ಡಿ ಇಳಿಸಿದಾಗ ಏಳು ಇದ್ದದ್ದು ಐದಕ್ಕೆ ಬಂದಿತ್ತು. ಮೂರು ತಿಂಗಳ ಸರಾಸರಿ ಶುಗರ್ 8.4ರಿಂದ 7.9 ಆಗಿತ್ತು. ಆದರೆ ಅದೇ ಸಮಯದಲ್ಲಿ ಶುಗರ್ ಡಾಕ್ಟರು ಮಾತ್ರೆ ಬದಲಿಸಿದ್ದರು, ಇವರು ಅಡಿಕೆಯನ್ನೂ ಕಡಿಮೆ ಮಾಡಿದ್ದರು. ಹಾಗಾಗಿ ಹಲ್ಲಿನ ಚಿಕಿತ್ಸೆಯಿಂದಲೇ ಇಳಿಯಿತು ಅಂತ ನಾನು ಹೇಳುವುದಿಲ್ಲ. ಒಬ್ಬರ ಮನೆಯ ಒಂದು ಸಂಖ್ಯೆಯಿಂದ ಅದು ಗೊತ್ತಾಗುವುದಿಲ್ಲ, ಅದಕ್ಕೇ 35 ಅಧ್ಯಯನ ಬೇಕಾಗಿದ್ದು.

ನನ್ನ ವಸಡಿನಲ್ಲೂ ಕಡ್ಡಿ ಇಳಿಸಿ ನೋಡಿದರು. ಎಲ್ಲೂ ಮೂರು ದಾಟಲಿಲ್ಲ. "ನೀವು ವರ್ಷಕ್ಕೊಮ್ಮೆ ಬಂದರೆ ಸಾಕು" ಅಂದರು. ಒಂದೇ ಮನೆ, ಒಂದೇ ಅಡುಗೆ, ಒಂದೇ ಪ್ರಿಂಟ್ ಹಾಳೆ. ನನಗೆ ಅದು ಹೊಂದುತ್ತದೆ, ಇವರಿಗೆ ಹೊಂದುವುದಿಲ್ಲ. ಅಂದಿನಿಂದ ನೋಟ್‌ಪುಸ್ತಕದ ಪ್ರತಿ ಪುಟದ ಮೇಲೆ ಮೊದಲು ಇದನ್ನೇ ಬರೆಯುತ್ತೇನೆ: ಯಾರ ಮೇಲೆ ಮಾಡಿದ ಅಧ್ಯಯನ, ಯಾರನ್ನು ಸೇರಿಸಿಲ್ಲ.

ಅತ್ತೆಯ ಹಲ್ಲುನೋವಿನ ರಾತ್ರಿ ನನಗೆ ಈ ಅಭ್ಯಾಸ ತುಂಬ ಸಹಾಯ ಮಾಡಿತು. ಅತ್ತೆ ಹಳ್ಳಿಯಲ್ಲಿ ಇರುತ್ತಾರೆ, ಅವತ್ತು ಹಬ್ಬಕ್ಕೆ ಬಂದಿದ್ದರು. ರಾತ್ರಿ ಹನ್ನೊಂದೂವರೆಗೆ ಅಡುಗೆಮನೆಯಲ್ಲಿ ದೀಪ. ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದಾರೆ, ಕೆನ್ನೆಯಲ್ಲಿ ಲವಂಗ, ಕಣ್ಣಲ್ಲಿ ನೀರು. ತಣ್ಣೀರು ಕುಡಿದದ್ದೇ ತಡ, ನೋವು ಹಿಡಿದುಕೊಂಡಿದ್ದು ಬಿಡುತ್ತಲೇ ಇಲ್ಲ. ಸೆರಗಿನ ತುದಿಯಲ್ಲಿ ಅರ್ಧ ಖಾಲಿಯಾದ ಅಮಾಕ್ಸಿಸಿಲಿನ್ ಸ್ಟ್ರಿಪ್. ಪಕ್ಕದ ಮನೆಯವರು ಕೊಟ್ಟಿದ್ದಂತೆ. "ಎರಡು ನುಂಗಿದೀನಿ ಕಣಮ್ಮ, ಇನ್ನೂ ಎರಡು ನುಂಗ್ಲಾ?" ಅಂದರು.

ಹಲ್ಲಿನೊಳಗಿನ ನರ ಊದಿ ನೋವು ಬಂದಾಗ ಆಂಟಿಬಯಾಟಿಕ್ ಕೊಟ್ಟರೆ ನೋವು ಕಡಿಮೆ ಆಗುತ್ತದಾ ಅನ್ನುವುದನ್ನು ನಾನು ಮೊದಲೇ ಓದಿಟ್ಟಿದ್ದೆ. ಸಿಕ್ಕಿದ್ದು ಒಂದೇ ಅಧ್ಯಯನ, 40 ಜನ. ಅರ್ಧ ಜನಕ್ಕೆ ಪೆನಿಸಿಲಿನ್, ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಮಾತ್ರೆ, ಎರಡೂ ಗುಂಪಿಗೆ ನೋವಿನ ಮಾತ್ರೆ. ಪೆನಿಸಿಲಿನ್ ನುಂಗಿದವರಿಗೆ ನೋವು ಹೆಚ್ಚೇನೂ ಇಳಿಯಲಿಲ್ಲ. 40 ಬಹಳ ಸಣ್ಣ ಸಂಖ್ಯೆ, ಒಪ್ಪುತ್ತೇನೆ. ಆದರೆ ಕಾರಣವೂ ಅದಕ್ಕೆ ಹೊಂದುತ್ತದೆ. ಅಲ್ಲಿ ನೋವು ಕೊಡುತ್ತಿರುವುದು ಹಲ್ಲಿನೊಳಗೆ ಊದಿಕೊಂಡ ನರ. ಹಲ್ಲು ಗಟ್ಟಿ ಡಬ್ಬಿ ಇದ್ದ ಹಾಗೆ, ಒಳಗೆ ಊದಲು ಜಾಗ ಇಲ್ಲ. ಡಬ್ಬಿ ತೆರೆಯಬೇಕು, ಇಲ್ಲ ಹಲ್ಲು ತೆಗೆಯಬೇಕು. ಮುಖ ಊದಿದ್ದರೆ, ಜ್ವರ ಇದ್ದರೆ, ಬಾಯಿ ತೆರೆಯಲು, ನುಂಗಲು ಕಷ್ಟ ಆಗಿದ್ದರೆ ಮಾತು ಬೇರೆ, ಆಗ ಬೆಳಗಿನ ತನಕ ಕಾಯದೆ ಆಸ್ಪತ್ರೆಗೆ ಓಡಬೇಕು. ಅತ್ತೆಯ ಕೆನ್ನೆ ಮುಟ್ಟಿ ನೋಡಿದೆ, ಊತ ಇಲ್ಲ, ಮೈ ಬಿಸಿ ಇಲ್ಲ.

ನೋವಿನ ಮಾತ್ರೆ ಯಾವುದು ಕೊಡುವುದು? ಬುದ್ಧಿಹಲ್ಲು ತೆಗೆಸಿದ ಮೇಲಿನ ನೋವಿಗೆ ಪ್ಯಾರಸಿಟಮಾಲ್‌ಗಿಂತ ಐಬುಪ್ರೊಫೆನ್ ಮೇಲು ಅಂತ 2013ರ ಸಾರಾಂಶದಲ್ಲಿ ಓದಿದ್ದೆ. ಮನೆಯಲ್ಲಿ ಐಬುಪ್ರೊಫೆನ್ ಇತ್ತು. ಕೊಡಲು ಧೈರ್ಯ ಬರಲಿಲ್ಲ. ಅತ್ತೆಗೆ ಬಿಪಿ ಇದೆ, ಕಿಡ್ನಿ ಸ್ವಲ್ಪ ಕಮ್ಮಿ ಕೆಲಸ ಮಾಡುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಪ್ಯಾರಸಿಟಮಾಲ್ ಕೊಟ್ಟೆ. ಬೆಳಿಗ್ಗೆ ಹಲ್ಲಿನ ಡಾಕ್ಟರು ಮೊದಲು ಕೇಳಿದ್ದೂ ಅದನ್ನೇ, ಬೇರೆ ನೋವಿನ ಮಾತ್ರೆ ಕೊಡದೆ ಒಳ್ಳೇದು ಮಾಡಿದಿರಿ ಅಂದರು.

ರೂಟ್ ಕೆನಾಲ್ ಮಾಡಬೇಕಿತ್ತು. ಒಂದೇ ದಿನದಲ್ಲಿ ಮುಗಿಸಬಹುದು, ಇಲ್ಲ ಎರಡು ಮೂರು ಸಲ ಬರಬೇಕು, ನಿಮಗೆ ಹೇಗೆ ಬೇಕು ಅಂತ ಡಾಕ್ಟರು ಕೇಳಿದರು. ಇದಕ್ಕೂ 2022ರ ಸಾರಾಂಶ ಇದೆ, 47 ಅಧ್ಯಯನ. ಹಲ್ಲು ಉಳಿಯುವುದರಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಒಂದೇ ಸಲಕ್ಕೆ ಮುಗಿಸಿದವರಿಗೆ ಮೊದಲ ವಾರದಲ್ಲಿ ನೋವು ಬರುವ ಸಂಭವ ಜಾಸ್ತಿ. ಓದಿ ಹೇಳಿದೆ. ಅತ್ತೆ ಒಂದು ನಿಮಿಷವೂ ಯೋಚನೆ ಮಾಡಲಿಲ್ಲ. "ನಮ್ಮೂರಿಂದ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಹಸು ಯಾರು ನೋಡ್ತಾರೆ? ಒಂದು ವಾರ ನೋವು ತಡಕೊಂತೀನಿ, ಇವತ್ತೇ ಮುಗ್ಸಿಬಿಡಿ" ಅಂದರು. ಡಾಕ್ಟರು ನಕ್ಕು ಇಂಜೆಕ್ಷನ್ ತೆಗೆದುಕೊಂಡರು. ಹಲ್ಲು ಉಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂದ ಮೇಲೆ ಬಸ್ಸು, ಹಸುವಿನ ಮಾತೇ ಮುಖ್ಯ ಆಗಬೇಕು. ಹಾಗೆ ಆಯಿತು ಅನ್ನುವುದು ನನಗೆ ಈಗಲೂ ಸಮಾಧಾನ.

ಕ್ಯಾಪ್ ಹಾಕಿಸಬೇಕಾ ಬೇಡವಾ ಅನ್ನುವುದಕ್ಕೆ ಮಾತ್ರ ಕಾಕ್ರೇನ್ ಕೈ ಚೆಲ್ಲಿತು. ರೂಟ್ ಕೆನಾಲ್ ಆದ ಹಲ್ಲಿಗೆ ಕ್ಯಾಪ್ ಒಳ್ಳೆಯದೋ ಬರೀ ಫಿಲ್ಲಿಂಗ್ ಸಾಕೋ ಅನ್ನಲು ಸಿಕ್ಕಿದ್ದು ಒಂದೇ ಅಧ್ಯಯನ, 117 ಜನ, ಅದೂ ದವಡೆಯ ಮುಂದಿನ ಸಣ್ಣ ಹಲ್ಲುಗಳ ಮೇಲೆ. ಅತ್ತೆಯದು ಜೋಳದ ರೊಟ್ಟಿ ಅಗಿಯುವ ದೊಡ್ಡ ದವಡೆ ಹಲ್ಲು, ಒಂದು ಗೋಡೆ ಆಗಲೇ ಮುರಿದಿತ್ತು. ಇಲ್ಲಿ ಹಾಳೆ ಮಡಚಿಟ್ಟು ಡಾಕ್ಟರ ಅನುಭವ ಕೇಳಿದೆ. ಹಾಕಿಸಿದೆವು.

ಎಲೆಕ್ಟ್ರಿಕ್ ಬ್ರಷ್ ಬಗ್ಗೆ ಕೇಳುವವರು ಬಹಳ ಜನ, ಎರಡೇ ಮಾತು ಹೇಳುತ್ತೇನೆ. 56 ಅಧ್ಯಯನ ನೋಡಿದ್ದಾರೆ. ಸಾಮಾನ್ಯ ಬ್ರಷ್‌ಗಿಂತ ಮೇಲು, ಮೂರು ತಿಂಗಳಾದ ಮೇಲೆ ಪಾಚಿ ಶೇಕಡಾ 21, ವಸಡಿನ ಊತ ಶೇಕಡಾ 11 ಕಡಿಮೆ. ಬೆರಳು ಸಂಧಿ ನೋವಿರುವ ಅತ್ತೆಗೆ ಒಂದು ತಂದೆ. ನಾನು ಮಾಮೂಲಿ ಬ್ರಷ್ಷಿನಲ್ಲೇ ಇದ್ದೇನೆ.

ಇನ್ನು ನಮ್ಮೂರಿನದ್ದೇ ಆದ ವಿಷಯ, ಫ್ಲೋರೈಡ್. ಇದನ್ನು ಬರೆಯಲೆಂದೇ ಅರ್ಧ ಕೂತಿದ್ದು ನಾನು.

ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ಹೊಸ ಸುದ್ದಿ ಅಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ದಾರಿಯೇ ಇಲ್ಲದಿದ್ದರೆ 1.5 ತನಕ ಅನ್ನುವುದು ನಮ್ಮ ದೇಶದ ಲೆಕ್ಕ. ನನ್ನ ಕ್ಲಾಸಿನಲ್ಲಿ ಬೋರ್ಡಿಗೆ ಬಂದು ಲೆಕ್ಕ ಸರಿ ಮಾಡಿದ ಹುಡುಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಮುಂದಿನ ಹಲ್ಲಿನ ಮೇಲೆ ಕಂದು ಪಟ್ಟೆಗಳು. ಉಜ್ಜಿದರೆ ಹೋಗುವ ಕಲೆ ಅಲ್ಲ ಅದು, ಹಲ್ಲು ದವಡೆಯೊಳಗೆ ಬೆಳೆಯುವಾಗಲೇ ಫ್ಲೋರೈಡಿನಿಂದ ಬಂದದ್ದು. ಇಂಥ ಊರಿನಲ್ಲಿ ಏಳು ವರ್ಷದ ಮಗನಿಗೆ ಫ್ಲೋರೈಡ್ ಇರುವ ಪೇಸ್ಟ್ ಕೊಡಬೇಕಾ? ನಮ್ಮ ಟೀಚರ್ಸ್ ರೂಮಿನಲ್ಲಿ ಅರ್ಧ ಜನ ಬೇಡವೇ ಬೇಡ ಅನ್ನುತ್ತಾರೆ.

2003ರ ಸಾರಾಂಶದಲ್ಲಿ 70 ಅಧ್ಯಯನ, 42 ಸಾವಿರಕ್ಕೂ ಜಾಸ್ತಿ ಮಕ್ಕಳು. ಫ್ಲೋರೈಡ್ ಪೇಸ್ಟ್ ಬಳಸಿದ ಮಕ್ಕಳಲ್ಲಿ ಹೊಸ ಹುಳುಕು ಸುಮಾರು ಶೇಕಡಾ 24 ಕಡಿಮೆ. ಇದನ್ನು ನೂರು ಮಕ್ಕಳಲ್ಲಿ 24 ಮಕ್ಕಳು ಬಚಾವ್ ಅಂತ ಓದಬೇಡಿ. 100 ಹೊಸ ಹುಳುಕು ಆಗುವ ಕಡೆ ಸುಮಾರು 76 ಆಗುತ್ತದೆ ಅಂತ ಅರ್ಥ. ಇನ್ನೊಂದು ಸಾರಾಂಶ, 2010ರದು, ಎಚ್ಚರಿಕೆಯನ್ನೂ ಹೇಳುತ್ತದೆ: 6 ವರ್ಷದ ಒಳಗಿನ ಮಕ್ಕಳಿಗೆ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಅಥವಾ ಅದಕ್ಕಿಂತ ಜಾಸ್ತಿ ಫ್ಲೋರೈಡ್ ಇರುವ ಪೇಸ್ಟ್ ಕೊಟ್ಟರೆ ಹಲ್ಲಿನ ಮೇಲೆ ಕಲೆ ಬರುವ ಸಂಭವ ಏರುತ್ತದೆ. ನಮ್ಮ ದೇಶದಲ್ಲಿ ಪೇಸ್ಟಿಗೆ 1000 ಪಿಪಿಎಂ ಮಿತಿ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ನೋಡಿ.

ಎರಡೂ ನಿಜ. ಆದರೆ ಆ 42 ಸಾವಿರ ಮಕ್ಕಳು ನಮ್ಮ ಬೋರ್‌ವೆಲ್ ನೀರು ಕುಡಿದವರಲ್ಲ. ಡಾಕ್ಟರು ಮೊದಲು ಕೇಳಿದ್ದು ಪೇಸ್ಟಿನ ವಿಷಯ ಅಲ್ಲ, "ಮಗು ಯಾವ ನೀರು ಕುಡಿಯುತ್ತೆ?" ಅಂತ. ಮನೆಯಲ್ಲಿ ಶುದ್ಧ ನೀರಿನ ಘಟಕದಿಂದ 5 ರೂಪಾಯಿ ನಾಣ್ಯ ಹಾಕಿ ತರುವ ಕ್ಯಾನ್ ನೀರು. ಅನ್ನ, ಸಾರಿಗೆ? ಬೋರ್ ನೀರು. ಅಲ್ಲಿ ನಾನು ಸುಮ್ಮನಾದೆ. ಇಷ್ಟು ವರ್ಷ ಅದು ತಲೆಗೇ ಹೊಳೆದಿರಲಿಲ್ಲ. "ಅಡುಗೆಗೂ ಕ್ಯಾನ್ ನೀರೇ ಹಾಕಿ. ಪೇಸ್ಟ್ ಬಿಡಬೇಡಿ, ಬಟಾಣಿ ಕಾಳಷ್ಟು ಸಾಕು, ನೀವೇ ಹಾಕಿಕೊಡಿ, ನುಂಗದೆ ಉಗಿಯೋದು ಕಲಿಸಿ" ಅಂದರು. ಪೇಸ್ಟು ಹಲ್ಲಿನ ಮೇಲಿಂದ ಕೆಲಸ ಮಾಡುತ್ತದೆ, ಕಲೆ ಬರುವುದು ಹೊಟ್ಟೆಗೆ ಹೋದದ್ದರಿಂದ ಅಂತ ಬಿಡಿಸಿ ಹೇಳಿದರು. ಈಗ ಬೆಳಿಗ್ಗೆ ಮಗನ ಬ್ರಷ್ಷಿಗೆ ಪೇಸ್ಟ್ ಹಾಕುವುದು ನನ್ನ ಕೆಲಸ, ಕ್ಯಾನ್ ಎರಡು ಜಾಸ್ತಿ ತರುವುದು ಇವರ ಕೆಲಸ.

ಬಳಸಿ ನೋಡುವವರಿಗೆ ಕೆಲವು ಮಾತು. ಹುಡುಕುವಾಗ ಇಂಗ್ಲಿಷಿನಲ್ಲಿ ರೋಗದ ಹೆಸರು, ಚಿಕಿತ್ಸೆಯ ಹೆಸರು ಎರಡನ್ನೂ ಒಟ್ಟಿಗೆ ಹಾಕಿ. ಯಾವ ವರ್ಷದ್ದು ಅಂತ ನೋಡಿ, ಒಂದೇ ವಿಷಯದ ಹಳೆಯದು, ಹೊಸದು ಎರಡೂ ಇರುತ್ತವೆ. ಭರವಸೆ ಎಷ್ಟು ಅನ್ನುವ ಸಾಲು ಬಿಡಬೇಡಿ. ಖರ್ಚಿನ ಲೆಕ್ಕ ಅಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಅದನ್ನು ಕ್ಲಿನಿಕ್ಕಿನಲ್ಲೇ ಕೇಳಬೇಕು. "ಗೊತ್ತಿಲ್ಲ" ಅನ್ನುವ ಉತ್ತರ ಬಹಳ ಸಲ ಬರುತ್ತದೆ. ಮೊದಮೊದಲು ಬೇಜಾರಾಗುತ್ತಿತ್ತು. ಈಗ ಹಾಗಲ್ಲ. ಯಾರಿಗೂ ಖಚಿತವಾಗಿ ಗೊತ್ತಿಲ್ಲದ್ದನ್ನು ಖಚಿತ ಅಂತ ನನಗೆ ಮಾರಲು ಬಂದರೆ ಗುರುತು ಹಿಡಿಯಬಹುದು. ಮುಖ್ಯವಾಗಿ, ಬಾಯಿ ತೆರೆದು ನೋಡುವ ಒಬ್ಬ ಒಳ್ಳೆಯ ಡಾಕ್ಟರು ಬೇಕು. ಹಾಳೆ ತಂದಿದ್ದಕ್ಕೆ ಸಿಟ್ಟಾಗದವರು.

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಅಲ್ಲಿನ ಅಧ್ಯಯನಗಳಲ್ಲಿ ನಮ್ಮಂಥ ಊರುಗಳು ಬಹಳ ಕಡಿಮೆ ಇವೆ ಅನ್ನುವುದಕ್ಕೆ.

ಅತ್ತೆ ಮೊನ್ನೆ ಫೋನ್ ಮಾಡಿದ್ದರು. ಮೇಲಿನ ಎಡಗಡೆ ಎರಡು ಹಲ್ಲಿನ ಜಾಗ ಖಾಲಿ ಇದೆ. ಕಟ್ಟಿಸಿಕೊಳ್ಳುವುದಾ, ಸ್ಕ್ರೂ ಹಾಕಿ ಕೂರಿಸುತ್ತಾರಲ್ಲ ಅದಾ, ಸುಮ್ನೆ ಬಿಡುವುದಾ? "ನಿನ್ನ ಪುಸ್ತಕ ನೋಡಿ ಹೇಳಮ್ಮ, ಆಮೇಲೆ ಬಸ್ಸು ಹತ್ತುತೀನಿ" ಅಂದರು. ಭಾನುವಾರ ಕೂತು ಓದಬೇಕು. ಹೊಸ ಪುಟದ ಮೇಲೆ ಅವರ ವಯಸ್ಸು, ಬಿಪಿ, ಕಿಡ್ನಿ ರಿಪೋರ್ಟಿನ ಸಂಖ್ಯೆ ಆಗಲೇ ಬರೆದಿಟ್ಟಿದ್ದೇನೆ.